ನಂಬಿಕೆಗೆ ಪಾಟೀಸವಾಲು

ದೊಡ್ಡಪ್ಪ ಕುಟುಂಬದ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜು ಹಾಕಿದ್ದರು. ಉಪವಾಸದ ಹಿಂದಿನ ವಿಜ್ಞಾನವನ್ನು ಜಪಾನಿನ ವಿಜ್ಞಾನಿಯೊಬ್ಬರು ಕಂಡುಹಿಡಿದು ನೊಬೆಲ್ ಪಡೆದರಂತೆ. ಹಿರಿಯರಿಗೆ ಅದು ಸಾವಿರಾರು ವರ್ಷಗಳ ಹಿಂದೆಯೇ ಗೊತ್ತಿತ್ತಂತೆ. ಕೆಳಗೆ ಕೈಮುಗಿದ ಚಿತ್ರಗಳ ಸಾಲು. ಕಾಲೇಜಿಗೆ ಹೋಗುವ ಅಣ್ಣನ ಮಗಳು ಅದಕ್ಕೆ ಒಂದೇ ಸಾಲಿನ ಪ್ರಶ್ನೆ ಹಾಕಿದಳು: "ತಾತ, ನಾಳೆ ಇನ್ನೊಬ್ಬ ವಿಜ್ಞಾನಿ ಉಪವಾಸ ಕೆಟ್ಟದ್ದು ಅಂತ ತೋರಿಸಿ ನೊಬೆಲ್ ತಗೊಂಡ್ರೆ ಬಿಟ್ಟುಬಿಡ್ತೀರಾ?"

ಗುಂಪು ತಣ್ಣಗಾಯಿತು. ಎರಡು ದಿನ ಯಾರೂ ಶುಭೋದಯ ಕೂಡ ಹಾಕಲಿಲ್ಲ.

ಧಾರ್ಮಿಕ ನಂಬಿಕೆಯನ್ನು ಪ್ರಶ್ನಿಸಬೇಕೇ, ಅದಕ್ಕೆ ವೈಚಾರಿಕ ವಿವರಣೆ ಕೊಡಬೇಕೇ ಎಂಬ ಚರ್ಚೆ ಎಲ್ಲೇ ನಡೆದರೂ ಎರಡು ಬಣಗಳು ಎದುರುಬದುರು ಕೂರುತ್ತವೆ. ಒಂದು ಬಣದವರು ಎಲ್ಲವನ್ನೂ ಒರೆಗೆ ಹಚ್ಚಬೇಕು ಎನ್ನುತ್ತಾರೆ. ಇನ್ನೊಂದು ಬಣದವರಿಗೆ ನಂಬಿಕೆ ಪ್ರಶ್ನಾತೀತ. ದೊಡ್ಡಪ್ಪ ಇರುವುದು ಮೂರನೆಯ ಬಣದಲ್ಲಿ: ಪ್ರಶ್ನೆಯೇ ಬೇಕಿಲ್ಲ, ಎಲ್ಲದರ ಹಿಂದೆಯೂ ವಿಜ್ಞಾನವಿದೆ ಎನ್ನುವವರು. ಮೂರರಲ್ಲಿ ಹೆಚ್ಚು ಗೋಜಲಾಗಿರುವುದು ಇದೇ ಎಂದು ನನಗನ್ನಿಸುತ್ತದೆ. ಇದು ನೋಡಲು ವೈಚಾರಿಕತೆಯಂತಿದೆ, ಮಾಡುವುದು ಮಾತ್ರ ಪ್ರಶ್ನೆಯ ಬಾಯಿ ಮುಚ್ಚಿಸುವ ಕೆಲಸ.

ಮೊದಲು ಆ ನೊಬೆಲ್ ವಿಷಯ. ಯೊಶಿನೊರಿ ಓಸುಮಿ ಅವರಿಗೆ 2016ರಲ್ಲಿ ವೈದ್ಯಕೀಯ ನೊಬೆಲ್ ಬಂದದ್ದು ನಿಜ. ಜೀವಕೋಶವು ತನ್ನೊಳಗಿನ ಹಳೆಯ, ಕೆಟ್ಟುಹೋದ ಭಾಗಗಳನ್ನು ತಾನೇ ಒಡೆದು ಮರುಬಳಕೆ ಮಾಡಿಕೊಳ್ಳುವ ಆಟೋಫಜಿ ಎಂಬ ಕ್ರಿಯೆ ಹೇಗೆ ನಡೆಯುತ್ತದೆ, ಯಾವ ಜೀನುಗಳು ಅದನ್ನು ನಡೆಸುತ್ತವೆ ಎಂದು ಅವರು ತೋರಿಸಿದರು. ತೋರಿಸಿದ್ದು ಯೀಸ್ಟ್ ಕೋಶಗಳಲ್ಲಿ. ಆಹಾರ ಸಿಗದಂತೆ ಮಾಡಿದಾಗ ಯೀಸ್ಟಿನಲ್ಲಿ ಈ ಕ್ರಿಯೆ ಜೋರಾಗುತ್ತದೆ ಎಂಬುದೂ ನಿಜ. ಆದರೆ ಮನುಷ್ಯ ಎಷ್ಟು ಹೊತ್ತು, ಯಾವ ದಿನ, ಏನನ್ನು ಬಿಟ್ಟು ಏನನ್ನು ತಿನ್ನಬೇಕು ಎಂದು ಆ ಪ್ರಶಸ್ತಿ ಎಲ್ಲೂ ಹೇಳಿಲ್ಲ. ಯೀಸ್ಟಿನಿಂದ ವ್ರತದವರೆಗಿನ ದಾರಿಯನ್ನು ಮೆಸೇಜು ಬರೆದವರು ಒಂದೇ ನೆಗೆತಕ್ಕೆ ದಾಟಿದ್ದಾರೆ.

ಅದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ, ಹುಡುಗಿ ಕೈಯಿಟ್ಟದ್ದು ಅಲ್ಲಿಗೇ. ಉಪವಾಸ ಸರಿ, ಯಾಕೆಂದರೆ ವಿಜ್ಞಾನ ಹಾಗೆ ಹೇಳಿದೆ ಎಂದಾಗ ನಾವು ಉಪವಾಸವನ್ನು ಸಾಕ್ಷಿಯ ಕಟಕಟೆಗೆ ಹತ್ತಿಸಿದ ಹಾಗಾಯಿತು. ಕಟಕಟೆ ಹತ್ತಿದ ಸಾಕ್ಷಿ ಪಾಟೀಸವಾಲಿಗೂ ನಿಲ್ಲಬೇಕು. ನಮಗೆ ಬೇಕಾದ ಉತ್ತರ ಕೊಟ್ಟು, ಎದುರು ವಕೀಲ ಎದ್ದು ನಿಂತ ಕೂಡಲೇ "ನಾನು ಪ್ರಶ್ನಾತೀತ" ಎಂದು ಇಳಿದು ಹೋಗುವಂತಿಲ್ಲ.

ಒಂದೇ ಪದ, ಹಲವು ಕೆಲಸ

ಕನ್ನಡದ 'ನಂಬು' ಎಂಬ ಕ್ರಿಯಾಪದ ಬಹಳ ದುಡಿಯುತ್ತದೆ. ನಾಳೆ ಮಳೆ ಬರುತ್ತದೆಂದು ನಂಬಿದ್ದೇನೆ. ಅವಳನ್ನು ನಂಬಿದ್ದೇನೆ. ಅಹಿಂಸೆಯಲ್ಲಿ ನನಗೆ ನಂಬಿಕೆ ಇದೆ. ಮೂರು ಕಡೆಯೂ ಅದೇ ಪದ, ಆದರೆ ಮೂರನ್ನೂ ಒಂದೇ ಪ್ರಶ್ನೆಯಿಂದ ಪರೀಕ್ಷಿಸಲು ಆಗುವುದಿಲ್ಲ. ಮೊದಲನೆಯದಕ್ಕೆ ನಾಳೆ ಆಕಾಶ ನೋಡಿದರೆ ಮುಗಿಯಿತು. ಎರಡನೆಯದು ಒಬ್ಬರ ಮೇಲಿನ ಭರವಸೆ. ಅವಳು ಎಂದಾದರೂ ಕೈಕೊಟ್ಟಳೇ, ಕೊಟ್ಟಿದ್ದರೆ ನಾನೇನು ಮಾಡಿದೆ ಎಂದು ಕೇಳಬೇಕು. ಮೂರನೆಯದು ಹೇಗೆ ಬದುಕಬೇಕೆಂಬ ನಿಲುವು. ಅದನ್ನು ಮಾಪಕ ಹಿಡಿದು ಅಳೆಯಲು ಬಾರದು, ಆದರೆ ವಾದಕ್ಕೆ ಕರೆಯಬಹುದು.

ಧರ್ಮದ ಒಳಗೆ ಈ ಮೂರೂ ಬೆರೆತೇ ಇರುತ್ತವೆ. ಭೂಮಿ ಆರು ಸಾವಿರ ವರ್ಷಗಳ ಹಿಂದೆ ಸೃಷ್ಟಿಯಾಯಿತು ಎಂಬುದು ಮೊದಲ ಬಗೆಯ ಮಾತು. ದೇವರು ಕೈಬಿಡುವುದಿಲ್ಲ ಎಂಬುದು ಎರಡನೆಯ ಬಗೆಯದು. ನೆರೆಯವನನ್ನು ನಿನ್ನಂತೆಯೇ ಕಾಣು ಎಂಬುದು ಮೂರನೆಯದು. ಇವುಗಳ ಜೊತೆಗೆ ಬಾಯಿಬಿಟ್ಟು ಏನನ್ನೂ ಹೇಳದ, ಬರೀ ಮಾಡುವ ಆಚರಣೆ ಬೇರೆ. ಚರ್ಚೆ ಜಗಳವಾಗುವುದು ಸಾಮಾನ್ಯವಾಗಿ ಇಲ್ಲೇ: ಒಬ್ಬರು ಮೊದಲ ಬಗೆಯನ್ನು ಮನಸ್ಸಿನಲ್ಲಿಟ್ಟು ಪ್ರಶ್ನೆ ಕೇಳುತ್ತಾರೆ, ಇನ್ನೊಬ್ಬರು ಎರಡನೆಯ ಬಗೆಯಲ್ಲಿ ನಿಂತು ನೋಯುತ್ತಾರೆ.

ಮೊದಲ ಬಗೆಯ ಮಾತುಗಳಿಗೆ ರಿಯಾಯಿತಿ ಇರಬೇಕೆಂದು ನನಗೆ ಅನ್ನಿಸುವುದಿಲ್ಲ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಷರ್ 1650ರಲ್ಲಿ ಬೈಬಲಿನ ವಂಶಾವಳಿಗಳನ್ನು ಕೂಡಿಸಿ ಸೃಷ್ಟಿ ನಡೆದದ್ದು ಕ್ರಿಸ್ತಪೂರ್ವ 4004ರಲ್ಲಿ ಎಂದು ಲೆಕ್ಕ ಹಾಕಿದರು. ಅಂದಿಗೆ ಅದು ಶ್ರದ್ಧೆಯಿಂದ ಮಾಡಿದ ವಿದ್ವತ್ತಿನ ಕೆಲಸವೇ. ಆಮೇಲೆ ಬಂಡೆಗಳಲ್ಲಿನ ವಿಕಿರಣಶೀಲ ಧಾತುಗಳನ್ನು ಅಳೆಯಲು ಕಲಿತೆವು, ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ ಎಂದು ತಿಳಿಯಿತು. ಎರಡೂ ಒಂದೇ ಪ್ರಶ್ನೆಗೆ ಕೊಟ್ಟ ಉತ್ತರಗಳಾದ್ದರಿಂದ ಒಂದು ತಪ್ಪಾಗಲೇಬೇಕು. ಯಾರು ಹೇಳಿದರು, ಎಷ್ಟು ಭಕ್ತಿಯಿಂದ ಹೇಳಿದರು ಎಂಬುದು ಬಂಡೆಗೆ ಗೊತ್ತಿಲ್ಲ.

ಒಂದು ಚಮಚ ಹಾಲು

1995ರ ಸೆಪ್ಟೆಂಬರ್ 21ರಂದು ಗಣೇಶನ ವಿಗ್ರಹಗಳು ಹಾಲು ಕುಡಿಯುತ್ತಿವೆ ಎಂಬ ಸುದ್ದಿ ದೆಹಲಿಯಲ್ಲಿ ಬೆಳಗಿನ ಜಾವ ಹುಟ್ಟಿ, ಮಧ್ಯಾಹ್ನದ ಹೊತ್ತಿಗೆ ದೇಶವನ್ನೆಲ್ಲ ಸುತ್ತಿ, ಲಂಡನ್ನಿನವರೆಗೂ ಹೋಯಿತು. ಜನ ಸುಳ್ಳು ಹೇಳುತ್ತಿರಲಿಲ್ಲ. ಚಮಚ ಸೊಂಡಿಲಿಗೆ ತಾಗಿದಾಗ ಹಾಲು ಕಡಿಮೆಯಾದದ್ದನ್ನು ಅವರು ಕಣ್ಣಾರೆ ಕಂಡಿದ್ದರು.

ನೀವೂ ಮಾಡಿ ನೋಡಬಹುದು. ಚಮಚಕ್ಕೆ ಅಂಚಿನ ತನಕ ಹಾಲು ತುಂಬಿಸಿ ಕಣ್ಣಿನ ಮಟ್ಟಕ್ಕೆ ಹಿಡಿಯಿರಿ. ಹಾಲು ಅಂಚಿಗಿಂತ ಸ್ವಲ್ಪ ಮೇಲಕ್ಕೆ ಉಬ್ಬಿ ನಿಂತಿರುತ್ತದೆ, ಚೆಲ್ಲಿರುವುದಿಲ್ಲ. ಮೇಲ್ಮೈ ಕರ್ಷಣವು ಅದನ್ನು ಕಾಣದ ಚರ್ಮದಂತೆ ಎಳೆದು ಹಿಡಿದಿರುತ್ತದೆ. ಆ ಉಬ್ಬನ್ನು ಕಲ್ಲಿನ ಯಾವುದೇ ಚಾಚಿಗೆ, ಗೊಂಬೆಯ ಮೂಗಾದರೂ ಸರಿ, ಮೆಲ್ಲಗೆ ತಾಗಿಸಿ. ತಾಗಿದ ಜಾಗದಲ್ಲಿ ಆ ಚರ್ಮ ಒಡೆದು ಹಾಲು ಕಲ್ಲಿಗೆ ಅಂಟುತ್ತದೆ, ಅಂಟಿದ್ದು ಕೆಳಗೆ ಜಾರುತ್ತದೆ, ಜಾರುತ್ತ ಹಿಂದಿನದನ್ನೂ ಎಳೆದುಕೊಳ್ಳುತ್ತದೆ. ಜಾರುವ ಪದರ ಎಷ್ಟು ತೆಳುವೆಂದರೆ ಬಿಳಿ ಅಮೃತಶಿಲೆಯ ಮೇಲೆ, ಅದರಲ್ಲೂ ಮೊದಲೇ ಒದ್ದೆಯಾದ ಶಿಲೆಯ ಮೇಲೆ, ಕಣ್ಣಿಗೆ ಬೀಳುವುದೇ ಇಲ್ಲ. ಅಂದು ವಿಜ್ಞಾನಿಗಳು ಮಾಡಿದ್ದು ಇಷ್ಟೇ: ಹಾಲಿಗೆ ಬಣ್ಣ ಬೆರೆಸಿದರು. ಬಣ್ಣದ ಹಾಲು ವಿಗ್ರಹದ ಮೈಮೇಲೆ ಇಳಿದದ್ದು ಎಲ್ಲರಿಗೂ ಕಂಡಿತು.

ನನಗೆ ಇದರಲ್ಲಿ ಇಷ್ಟವಾಗುವುದು ಆ ಬಣ್ಣ. ಯಾರನ್ನೂ ಮೂಢರೆಂದು ಜರೆಯದೆ, ದೇವರಿದ್ದಾನೆಯೇ ಇಲ್ಲವೇ ಎಂಬ ತಂಟೆಗೂ ಹೋಗದೆ, ಹಾಲು ಎಲ್ಲಿ ಹೋಯಿತು ಎಂಬ ಒಂದೇ ಪ್ರಶ್ನೆಗೆ ಅದು ಉತ್ತರ ಹೇಳಿತು. ಮರುದಿನವೂ ಪೂಜೆ ಮಾಡುವವರು ಮಾಡಿದರು. ಪೂಜೆಗೂ ಹಾಲು ಕುಡಿಯುವುದಕ್ಕೂ ಸಂಬಂಧವೇ ಇರಲಿಲ್ಲವಲ್ಲ.

ಪವಾಡದ ವರದಿಗಳನ್ನು ಹೇಗೆ ತೂಗಬೇಕೆಂದು ಸ್ಕಾಟ್ಲೆಂಡಿನ ತತ್ವಜ್ಞಾನಿ ಡೇವಿಡ್ ಹ್ಯೂಮ್ 1748ರಲ್ಲೇ ಒಂದು ತಕ್ಕಡಿ ಕೊಟ್ಟಿದ್ದಾರೆ. ಪವಾಡ ನಡೆದಿದೆ ಎಂಬುದನ್ನು ಒಂದು ತಟ್ಟೆಗೆ ಹಾಕಿ, ಹೇಳಿದವರು ತಪ್ಪಾಗಿ ಕಂಡಿರಬಹುದು ಅಥವಾ ಮೋಸ ಹೋಗಿರಬಹುದು ಎಂಬುದನ್ನು ಇನ್ನೊಂದು ತಟ್ಟೆಗೆ ಹಾಕಿ. ಯಾವುದು ಹೆಚ್ಚು ದೊಡ್ಡ ಪವಾಡವೋ ಅದನ್ನು ಕೈಬಿಡಿ. ಪವಾಡ ಅಸಾಧ್ಯ ಎಂದು ಇಲ್ಲಿ ಮೊದಲೇ ತೀರ್ಮಾನಿಸಿಲ್ಲ. ಸಾಕ್ಷಿಯ ತೂಕ ಹೇಳಿಕೆಯ ತೂಕಕ್ಕೆ ತಕ್ಕಂತಿರಬೇಕು, ಅಷ್ಟೇ. ಸಾಲ ಕೊಡುವಾಗ, ಹೊಲ ಕೊಳ್ಳುವಾಗ ನಾವೆಲ್ಲ ಮಾಡುವುದೂ ಇದನ್ನೇ.

ಪ್ರಾರ್ಥನೆಯನ್ನು ಎಣಿಸಿದವರು

ಎರಡನೆಯ ಬಗೆಯ ನಂಬಿಕೆ, ಅಂದರೆ ಭರವಸೆ, ಮೊದಲ ಬಗೆಯ ವೇಷ ತೊಟ್ಟು ಬಂದಾಗ ಏನಾಗುತ್ತದೆ ಎಂಬುದಕ್ಕೆ ಪ್ರಾರ್ಥನೆಗಿಂತ ಒಳ್ಳೆಯ ಉದಾಹರಣೆ ಇಲ್ಲ.

1872ರಲ್ಲಿ ಇಂಗ್ಲಿಷ್ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಂದು ತುಂಟ ಲೆಕ್ಕ ಹಾಕಿದರು. ಇಂಗ್ಲೆಂಡಿನ ಚರ್ಚುಗಳಲ್ಲಿ ರಾಜಮನೆತನದ ಆಯುರಾರೋಗ್ಯಕ್ಕಾಗಿ ವಾರವಾರವೂ ಪ್ರಾರ್ಥನೆ ನಡೆಯುತ್ತದೆ. ಹಾಗಾದರೆ ಅವರೇ ಎಲ್ಲರಿಗಿಂತ ಹೆಚ್ಚು ಬದುಕಬೇಕು. ಅವರು ನೋಡಿದ ಪಟ್ಟಿಯಲ್ಲಿ ರಾಜಮನೆತನದ ಗಂಡಸರ ಸರಾಸರಿ ಆಯುಷ್ಯ 64 ವರ್ಷ, ಉಳ್ಳವರ ವರ್ಗಗಳಲ್ಲೆಲ್ಲ ಅತಿ ಕಡಿಮೆ. ಸಾಮಾನ್ಯ ಜಮೀನ್ದಾರರದು 70. ರಾಜರ ಬದುಕಿಗೂ ಜಮೀನ್ದಾರರ ಬದುಕಿಗೂ ಬೇರೆ ನೂರು ವ್ಯತ್ಯಾಸಗಳಿರುವುದರಿಂದ ಇದು ಕಟ್ಟುನಿಟ್ಟಿನ ಪರೀಕ್ಷೆಯಲ್ಲ. ಆದರೂ ಪ್ರಾರ್ಥನೆಯಿಂದ ಲೋಕದಲ್ಲಿ ಬದಲಾವಣೆ ಆಗುತ್ತದೆ ಎಂದರೆ ಅದನ್ನು ಎಣಿಸಿಯೂ ನೋಡಬಹುದಲ್ಲ ಎಂದು ಕೇಳಿದ್ದು ಹೊಸದು.

ಕಟ್ಟುನಿಟ್ಟಾಗಿ ಎಣಿಸಿದ್ದು 2006ರಲ್ಲಿ ಪ್ರಕಟವಾಯಿತು. ಅಮೆರಿಕದ ಹೃದಯತಜ್ಞ ಹರ್ಬರ್ಟ್ ಬೆನ್ಸನ್ ಮತ್ತು ಸಂಗಡಿಗರು ಆರು ಆಸ್ಪತ್ರೆಗಳಲ್ಲಿ ಬೈಪಾಸ್ ಶಸ್ತ್ರಚಿಕಿತ್ಸೆಗೆ ಬಂದ 1,802 ರೋಗಿಗಳನ್ನು ಮೂರು ಗುಂಪು ಮಾಡಿದರು. ಮೊದಲ ಎರಡು ಗುಂಪಿನವರಿಗೆ "ನಿಮಗಾಗಿ ಪ್ರಾರ್ಥಿಸಬಹುದು, ಪ್ರಾರ್ಥಿಸದೆಯೂ ಇರಬಹುದು" ಎಂದಷ್ಟೇ ಹೇಳಿ, ಒಂದಕ್ಕೆ ಪ್ರಾರ್ಥನೆ ಮಾಡಿಸಿದರು, ಇನ್ನೊಂದಕ್ಕೆ ಮಾಡಿಸಲಿಲ್ಲ. ಮೂರನೆಯ ಗುಂಪಿಗೆ ಪ್ರಾರ್ಥನೆ ಖಂಡಿತ ಎಂದು ಹೇಳಿ ಮಾಡಿಸಿದರು. ಶಸ್ತ್ರಚಿಕಿತ್ಸೆಯ ನಂತರ ತೊಡಕು ಕಾಣಿಸಿಕೊಂಡದ್ದು ಮೊದಲ ಗುಂಪಿನಲ್ಲಿ ಶೇ. 52 ಮಂದಿಗೆ, ಎರಡನೆಯದರಲ್ಲಿ ಶೇ. 51, ಪ್ರಾರ್ಥನೆ ನಡೆಯುತ್ತಿದೆಯೆಂದು ತಿಳಿದಿದ್ದ ಮೂರನೆಯ ಗುಂಪಿನಲ್ಲಿ ಶೇ. 59. ತಿಳಿದದ್ದೇ ಗಾಬರಿಗೆ ಕಾರಣವಾಗಿರಬಹುದು ಎಂಬುದು ಒಂದು ಊಹೆ: "ಊರೆಲ್ಲ ಪ್ರಾರ್ಥನೆ ಮಾಡುವಷ್ಟು ನನ್ನ ಸ್ಥಿತಿ ಕೆಟ್ಟಿದೆಯೇ?"

ದೇವರನ್ನು ಪ್ರಯೋಗಾಲಯಕ್ಕೆ ಕರೆಯುವುದೇ ತಪ್ಪು, ಪ್ರಾರ್ಥನೆ ಎಂದರೆ ಅರ್ಜಿಯಲ್ಲ ಎಂದು ಆಸ್ತಿಕರು ಹೇಳಬಹುದು. ಅದು ಒಪ್ಪತಕ್ಕ ಮಾತೇ, ಕೇವಲ ನುಣುಚಿಕೊಳ್ಳುವಿಕೆ ಎಂದು ನಾನು ತಳ್ಳಿಹಾಕುವುದಿಲ್ಲ. ಆದರೆ ಹಾಗೆ ಹೇಳುವವರು ಫಲಿತಾಂಶ ತಿರುಗುಮುರುಗಾಗಿದ್ದರೂ ಅದನ್ನೇ ಹೇಳಬೇಕಿತ್ತು. ಶೇ. 52ರ ಬದಲು 22 ಬಂದಿದ್ದರೆ ಎಷ್ಟು ಗುಂಪುಗಳಿಗೆ ಆ ಮೆಸೇಜು ಹೋಗುತ್ತಿತ್ತೆಂದು ಊಹಿಸಿ.

ಗಡುವು ಮೀರಿದ ಮೇಲೆ

ಹೇಳಿಕೆಯೊಂದು ಪರೀಕ್ಷೆಯಲ್ಲಿ ಸೋತಾಗ ಸಾಮಾನ್ಯವಾಗಿ ಅದು ಸಾಯುವುದಿಲ್ಲ, ಮನೆ ಬದಲಿಸುತ್ತದೆ. ಅಮೆರಿಕದ ಬೋಧಕ ವಿಲಿಯಂ ಮಿಲ್ಲರ್ ಅವರ ಅನುಯಾಯಿಗಳು 1844ರ ಅಕ್ಟೋಬರ್ 22ರಂದು ಕ್ರಿಸ್ತ ಭೂಮಿಗೆ ಮರಳುತ್ತಾನೆಂದು ಸಾರಿದರು. ಕೆಲವರು ಆ ವರ್ಷದ ಬೆಳೆಯನ್ನು ಕಟಾವು ಮಾಡದೆ ಹೊಲದಲ್ಲೇ ಬಿಟ್ಟಿದ್ದರು. ದಿನ ಕಳೆಯಿತು, ರಾತ್ರಿ ಕಳೆಯಿತು, ಬೆಳಗಾಯಿತು. ಹಲವರು ನಂಬಿಕೆ ತೊರೆದು ಹೋದರು. ಉಳಿದ ಒಂದು ಗುಂಪು ಹೇಳಿತು: ತಾರೀಖು ಸರಿಯೇ ಇತ್ತು, ಘಟನೆಯನ್ನು ನಾವು ತಪ್ಪಾಗಿ ತಿಳಿದಿದ್ದೆವು; ಅಂದು ಅದು ನಡೆದದ್ದು ಸ್ವರ್ಗದಲ್ಲಿ. ಭೂಮಿಯ ಮೇಲಿದ್ದಾಗ ನೋಡಿ ಹೇಳಬಹುದಾಗಿದ್ದ ಮಾತು ಯಾರೂ ಇಣುಕಿ ನೋಡಲಾಗದ ಜಾಗಕ್ಕೆ ಹೋಯಿತು.

ಹೋದದ್ದರಿಂದ ಅದು ಸುಳ್ಳಾಯಿತು ಎಂದು ಹೇಳಲು ಬರುವುದಿಲ್ಲ. ಆದರೆ ಗೆದ್ದದ್ದೂ ಅಲ್ಲ. ಸೋಲಲಾರದ ಮಾತಿಗೆ ಗೆಲ್ಲುವ ಹಕ್ಕೂ ಇರುವುದಿಲ್ಲ. ಇದರ ತುತ್ತತುದಿಯನ್ನು ನೋಡಬೇಕಿದ್ದರೆ ಇಂಗ್ಲಿಷ್ ನಿಸರ್ಗಶಾಸ್ತ್ರಜ್ಞ ಫಿಲಿಪ್ ಗಾಸ್ 1857ರಲ್ಲಿ ಹೂಡಿದ ವಾದ ಇದೆ. ತಾಯಿ ಇಲ್ಲದೆ ಸೃಷ್ಟಿಯಾದ ಆದಾಮನಿಗೂ ಹೊಕ್ಕುಳಿತ್ತು, ಹಾಗೆಯೇ ಹೊಸದಾಗಿ ಸೃಷ್ಟಿಯಾದ ಭೂಮಿಗೂ ಎಂದೂ ನಡೆಯದ ಗತಕಾಲದ ಪಳೆಯುಳಿಕೆಗಳಿದ್ದವು ಎಂದರು ಗಾಸ್. ಇದನ್ನು ತಪ್ಪೆಂದು ತೋರಿಸುವುದು ಯಾರಿಂದಲೂ ಸಾಧ್ಯವಿಲ್ಲ, ಯಾಕೆಂದರೆ ಸಿಗುವ ಪ್ರತಿಯೊಂದು ಸಾಕ್ಷಿಯೂ ಮೊದಲೇ ಇಟ್ಟದ್ದು. ಅವರಿಗೆ ನೇರವಾಗಿ ಉತ್ತರ ಕೊಟ್ಟದ್ದು ಅವರ ಗೆಳೆಯರೇ ಆದ ಪಾದ್ರಿ ಚಾರ್ಲ್ಸ್ ಕಿಂಗ್ಸ್ಲಿ. ದೇವರು ಬಂಡೆಗಳ ಮೇಲೆ ಅಷ್ಟು ದೊಡ್ಡ ಸುಳ್ಳನ್ನು ಬರೆದಿದ್ದಾನೆಂದು ನಂಬಲು ನನ್ನಿಂದಾಗದು ಎಂದರು. ದೇವರ ಮಾನ ಕಾಯಲು ಪ್ರಶ್ನೆ ಕೇಳಿದ ಆಸ್ತಿಕರು ಅವರು.

ಅತಿಪ್ರಶ್ನೆ

ಪ್ರಶ್ನಿಸುವುದು ಹೊರಗಿನವರ ಚಟ, ನಂಬುವವರ ಮನೆಯೊಳಗೆ ಅದಕ್ಕೆ ಜಾಗವಿಲ್ಲ ಎಂಬ ಮಾತು ಆಗಾಗ ಕೇಳಿಬರುತ್ತದೆ. ಬೃಹದಾರಣ್ಯಕ ಉಪನಿಷತ್ತಿನ ಗಾರ್ಗಿಯನ್ನು ನೆನೆಯಬೇಕು. ಜನಕನ ಸಭೆಯಲ್ಲಿ ಆಕೆ ಯಾಜ್ಞವಲ್ಕ್ಯನನ್ನು ಕೇಳುತ್ತಾಳೆ: ಇದೆಲ್ಲ ನೀರಿನಲ್ಲಿ ಹಾಸುಹೊಕ್ಕಾಗಿದೆ ಎನ್ನುವುದಾದರೆ, ನೀರು ಯಾವುದರಲ್ಲಿ ಹಾಸುಹೊಕ್ಕಾಗಿದೆ? ಗಾಳಿಯಲ್ಲಿ. ಗಾಳಿ ಯಾವುದರಲ್ಲಿ? ಹೀಗೆ ಲೋಕದಿಂದ ಲೋಕಕ್ಕೆ ಏರಿ ಬ್ರಹ್ಮಲೋಕ ಯಾವುದರಲ್ಲಿ ಎಂಬಲ್ಲಿಗೆ ಬಂದಾಗ ಯಾಜ್ಞವಲ್ಕ್ಯ ತಡೆಯುತ್ತಾನೆ: ಗಾರ್ಗಿ, ಅತಿಯಾಗಿ ಪ್ರಶ್ನಿಸಬೇಡ, ನಿನ್ನ ತಲೆ ಬಿದ್ದೀತು. ಆಕೆ ಸುಮ್ಮನಾಗುತ್ತಾಳೆ.

ಪ್ರಶ್ನೆ ಬೇಡ ಎನ್ನುವವರು ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಆದರೆ ಸ್ವಲ್ಪ ಹೊತ್ತಿಗೆ ಗಾರ್ಗಿ ಮತ್ತೆ ಏಳುತ್ತಾಳೆ. ಬಿಲ್ಲಿಗೆ ಹೆದೆಯೇರಿಸಿ ಎರಡು ಬಾಣ ಹಿಡಿದು ಬರುವ ವೀರನಂತೆ ಎರಡು ಪ್ರಶ್ನೆ ತಂದಿದ್ದೇನೆ ಎನ್ನುತ್ತಾಳೆ. ಕೇಳುವುದು ಹೆಚ್ಚುಕಡಿಮೆ ಅದೇ ಪ್ರಶ್ನೆಯನ್ನು, ಈ ಸಲ ಇನ್ನೂ ಬಿಗಿಯಾಗಿ: ಆಕಾಶ ಯಾವುದರಲ್ಲಿ ಹಾಸುಹೊಕ್ಕಾಗಿದೆ? ಈ ಸಲ ಬೆದರಿಕೆ ಬರುವುದಿಲ್ಲ, ಅಕ್ಷರತತ್ತ್ವದ, ಅಂದರೆ ನಾಶವಿಲ್ಲದ ತತ್ತ್ವದ, ಬಗ್ಗೆ ಉದ್ದನೆಯ ಉತ್ತರ ಬರುತ್ತದೆ. ಇವನನ್ನು ನೀವ್ಯಾರೂ ಗೆಲ್ಲಲಾರಿರಿ ಎಂದು ಸಭೆಗೆ ತೀರ್ಪು ಹೇಳುವವಳೂ ಗಾರ್ಗಿಯೇ.

ಶಂಕರಾಚಾರ್ಯರ ಗೀತಾಭಾಷ್ಯದ ಕೊನೆಯ ಅಧ್ಯಾಯದಲ್ಲಿ ಬರುವ ಒಂದು ಮಾತು ಇನ್ನೂ ನೇರ. ಬೆಂಕಿ ತಣ್ಣಗಿದೆ, ಅದು ಬೆಳಗುವುದಿಲ್ಲ ಎಂದು ನೂರು ಶ್ರುತಿಗಳು ಹೇಳಿದರೂ ಅದು ಪ್ರಮಾಣವಾಗದು. ವೇದವನ್ನು ಬಿಡಿ ಎನ್ನುವವರ ಮಾತಲ್ಲ ಇದು, ವೇದಕ್ಕೆ ಅತ್ಯುನ್ನತ ಸ್ಥಾನ ಕೊಟ್ಟವರ ಮಾತು. ಕಣ್ಣು ಕೈಗಳಿಗೆ ಎಟಕುವ ವಿಷಯದಲ್ಲಿ ಪ್ರತ್ಯಕ್ಷವೇ ಪ್ರಮಾಣ, ಎಟಕದ ವಿಷಯದಲ್ಲಿ ಶ್ರುತಿ. ಒಬ್ಬರ ಗಡಿಯೊಳಗೆ ಇನ್ನೊಬ್ಬರು ಕಾಲಿಡುವಂತಿಲ್ಲ. ಹನ್ನೆರಡನೆಯ ಶತಮಾನದ ಮುಸ್ಲಿಂ ತತ್ವಜ್ಞಾನಿ ಇಬ್ನ್ ರುಶ್ದ್ ಅವರ ನಿಲುವೂ ಇದಕ್ಕೆ ದೂರವಲ್ಲ: ಸತ್ಯವು ಸತ್ಯವನ್ನು ವಿರೋಧಿಸದು, ಆದ್ದರಿಂದ ತರ್ಕದಿಂದ ಸಿದ್ಧವಾದದ್ದಕ್ಕೂ ಗ್ರಂಥದ ಮಾತಿಗೂ ತಾಳೆಯಾಗದಿದ್ದರೆ ಗ್ರಂಥವನ್ನು ಬೇರೆ ಅರ್ಥದಲ್ಲಿ ಓದಬೇಕು.

ವಿಚಾರವಾದಿಗಳು ಪ್ರೀತಿಯಿಂದ ನೆನೆಯುವ, ಬುದ್ಧನ ಉಪದೇಶವಾದ ಕಾಲಾಮ ಸುತ್ತದ ಬಗ್ಗೆಯೂ ಒಂದು ಮಾತು. ಪರಂಪರೆಯಿಂದ ಬಂದಿದೆಯೆಂದು, ಗ್ರಂಥದಲ್ಲಿದೆಯೆಂದು, ಗುರು ಹೇಳಿದನೆಂದು ಒಪ್ಪಬೇಡಿ ಎಂದು ಬುದ್ಧ ಅಲ್ಲಿ ಹೇಳುತ್ತಾನೆ, ಸರಿ. ಅದೇ ಪಟ್ಟಿಯಲ್ಲಿ ಬರೀ ತರ್ಕಕ್ಕೆ ಸರಿಹೊಂದಿತೆಂದೂ ಒಪ್ಪಬೇಡಿ ಎಂಬುದಿದೆ. ಅದನ್ನು ಉದ್ಧರಿಸುವಾಗ ನಮ್ಮವರು ಆ ಸಾಲನ್ನು ನುಂಗಿಬಿಡುತ್ತಾರೆ.

ಯಾಕೆ ನಿಜ, ಯಾಕೆ ನಂಬಿದ

'ವಿವರಣೆ' ಎಂಬ ಪದವೂ ಎರಡು ಕೆಲಸ ಮಾಡುತ್ತದೆ. ಈ ನಂಬಿಕೆ ನಿಜವೆನ್ನಲು ಆಧಾರ ಏನು ಎಂಬುದು ಒಂದು. ಜನ ಇದನ್ನು ಯಾಕೆ ನಂಬುತ್ತಾರೆ ಎಂಬುದು ಇನ್ನೊಂದು. ಪೊದೆಯಲ್ಲಿ ಸರಕ್ ಎಂದಾಗ ಗಾಳಿ ಎಂದುಕೊಂಡವನಿಗಿಂತ ಪ್ರಾಣಿ ಎಂದುಕೊಂಡು ಓಡಿದವನು ಬದುಕುಳಿದಿರುವ ಸಾಧ್ಯತೆ ಹೆಚ್ಚು. ಎಲ್ಲದರ ಹಿಂದೆಯೂ ಯಾರೋ ಇದ್ದಾರೆಂದು ಭಾವಿಸುವ ಮನಸ್ಸು ನಮಗೆ ಹೀಗೆ ಬಂದಿರಬಹುದು, ದೇವರ ಕಲ್ಪನೆಯ ಬೇರು ಅಲ್ಲಿರಬಹುದು ಎಂದು ಮನಸ್ಸಿನ ವಿಕಾಸವನ್ನು ಅಧ್ಯಯನ ಮಾಡುವ ಕೆಲವರ ವಾದ. ಕುತೂಹಲದ ವಾದವೇ. ಆದರೆ ಇದರಿಂದ ದೇವರಿಲ್ಲ ಎಂದು ಸಾಬೀತಾಯಿತು ಎನ್ನುವವರು ಎಡವುತ್ತಾರೆ. ಏಟಿನ ಭಯಕ್ಕೆ ಮಗ್ಗಿ ಬಾಯಿಪಾಠ ಮಾಡಿದ ಹುಡುಗನಿಗೂ ಏಳೆಂಟ್ಲಿ ಐವತ್ತಾರೇ. ನಂಬಿಕೆ ಬಂದ ದಾರಿಯನ್ನು ತೋರಿಸಿದ ಮಾತ್ರಕ್ಕೆ ನಂಬಿಕೆ ಬಿದ್ದುಹೋಗುವುದಿಲ್ಲ. ಬೆತ್ತ ಹಿಡಿದವರು ತಪ್ಪು ಮಗ್ಗಿ ಕಲಿಸಿರುವ ಸಾಧ್ಯತೆಯೂ ಇದೆ, ಹಾಗಾಗಿ ಇನ್ನೊಮ್ಮೆ ಕೂಡಿಸಿ ನೋಡುವುದು ಒಳ್ಳೆಯದು, ಅಷ್ಟು ಮಾತ್ರ.

ಆಚರಣೆಗಳಿಗೆ 'ವೈಜ್ಞಾನಿಕ ಕಾರಣ' ಹುಡುಕುವುದು ಹೊಸ ಹವ್ಯಾಸವಲ್ಲ. ಯಹೂದಿ ತತ್ವಜ್ಞಾನಿಯೂ ವೈದ್ಯರೂ ಆಗಿದ್ದ ಮೈಮೊನಿಡಿಸ್ ಹನ್ನೆರಡನೆಯ ಶತಮಾನದಲ್ಲೇ ಹಂದಿಮಾಂಸದ ನಿಷೇಧಕ್ಕೆ ಆ ಪ್ರಾಣಿಯ ಕೊಳಕುತನ ಕಾರಣ ಎಂದಿದ್ದರು. 1835ರಲ್ಲಿ ಮನುಷ್ಯರ ಸ್ನಾಯುವಿನಲ್ಲಿ ಟ್ರೈಕಿನೆಲ್ಲ ಎಂಬ ಹುಳು ಪತ್ತೆಯಾಗಿ, ಮುಂದೆ ಅರೆಬೆಂದ ಹಂದಿಮಾಂಸದೊಂದಿಗೆ ಅದರ ನಂಟು ತಿಳಿದಾಗ, ನೋಡಿ ಹಳಬರಿಗೆ ಗೊತ್ತಿತ್ತು ಎಂಬ ಮಾತು ಬಂತು. ಆದರೆ ಹಂದಿಯನ್ನು ನಿಷೇಧಿಸಿದ ಬೈಬಲಿನ ಲೇವಿಯಕಾಂಡದ ಅದೇ ಪಟ್ಟಿಯಲ್ಲಿ ಒಂಟೆ ಇದೆ, ಮೊಲ ಇದೆ, ರೆಕ್ಕೆ ಮತ್ತು ಪೊರೆ ಇಲ್ಲದ ಜಲಚರಗಳೆಲ್ಲ ಇವೆ. ಹುಳುವಿನ ಕಥೆ ಇವಕ್ಕೆ ಹೊಂದುವುದಿಲ್ಲ. ಲಾಡಿಹುಳು ಹರಡಬಲ್ಲ ದನದ ಮಾಂಸವನ್ನು ಪಟ್ಟಿ ಬಿಟ್ಟಿದೆ. ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್ 1966ರಲ್ಲಿ ಬೇರೆ ದಿಕ್ಕಿನಿಂದ ನೋಡಿದರು: ಆ ಪಟ್ಟಿ ಲೋಕವನ್ನು ವಿಂಗಡಿಸುವ ಒಂದು ಕ್ರಮ. ಗೊರಸು ಸೀಳಿರಬೇಕು, ಮೆಲುಕು ಹಾಕಬೇಕು. ಒಂದಿದ್ದು ಇನ್ನೊಂದಿಲ್ಲದ ಪ್ರಾಣಿ ಯಾವ ಗೂಡಿಗೂ ಸೇರದೆ ಅಶುದ್ಧವಾಯಿತು. ಡಗ್ಲಸ್ ಅವರ ವಿವರಣೆಗೂ ತಕರಾರುಗಳಿವೆ. ಆದರೆ ಅದು ಪಟ್ಟಿಯನ್ನು ಪೂರ್ತಿ ಓದುತ್ತದೆ. ಆರೋಗ್ಯದ ವಿವರಣೆ ತನಗೆ ಬೇಕಾದ ಒಂದು ಪ್ರಾಣಿಯನ್ನು ಆರಿಸಿಕೊಳ್ಳುತ್ತದೆ.

ಇನ್ನು ಕೆಲವು ಆಚರಣೆಗಳಿಗೆ ಕಾರಣ ಕೇಳುವುದೇ ಪ್ರಶ್ನೆಯ ತಪ್ಪು ಬಳಕೆ. ತೀರಿಹೋದ ಗೆಳೆಯನ ನಂಬರನ್ನು ಫೋನಿನಿಂದ ಅಳಿಸದೆ ಇಟ್ಟುಕೊಂಡವರಿದ್ದಾರೆ. ಅವರಲ್ಲಿ ಒಬ್ಬನಾದರೂ ಅವನು ಫೋನ್ ಮಾಡುತ್ತಾನೆಂದು ಕಾದಿಲ್ಲ. ಇದರಿಂದೇನು ಪ್ರಯೋಜನ, ಇದರ ಹಿಂದಿನ ವಿಜ್ಞಾನವೇನು ಎಂದು ಅವರನ್ನು ಕೇಳಿದರೆ ನಮ್ಮನ್ನೇ ವಿಚಿತ್ರವಾಗಿ ನೋಡುತ್ತಾರೆ. ದೀಪ ಹಚ್ಚುವುದು, ಗೋರಿಗೆ ಹೂವಿಡುವುದು, ತಲೆಬಾಗುವುದು ಬಹಳ ಮಟ್ಟಿಗೆ ಈ ಜಾತಿಗೆ ಸೇರಿದವು. ಅವು ಏನನ್ನೂ ಸಾಧಿಸಲು ಹೊರಟಿಲ್ಲ, ಹಾಗಾಗಿ ಸೋತವೆನ್ನಲೂ ಬಾರದು. ದೀಪದ ಹೊಗೆಯಿಂದ ರೋಗಾಣು ಸಾಯುತ್ತದೆ ಎಂದು ಸೇರಿಸಿದ ಕ್ಷಣ, ಸುಮ್ಮನೆ ಉರಿಯುತ್ತಿದ್ದ ದೀಪವನ್ನು ಪರೀಕ್ಷೆಗೆ ಕೂರಿಸಿದ್ದೇವೆ.

ಬೆಲೆ ತೆರುವವರು ಯಾರು

ಮೂರನೆಯ ಬಗೆ, ನೀತಿಯ ಮಾತುಗಳು, ವಿಜ್ಞಾನದ ಪರೀಕ್ಷೆಗೆ ಸಿಗದಿದ್ದರೂ ಪ್ರಶ್ನೆಗೆ ಸಿಗುತ್ತವೆ. ಪ್ಲೇಟೊ ಬರೆದ ಒಂದು ಸಂಭಾಷಣೆಯಲ್ಲಿ ಸಾಕ್ರಟೀಸ್ ಕೇಳುತ್ತಾನೆ: ಒಳ್ಳೆಯದೆಂದು ದೇವತೆಗಳು ಅದನ್ನು ಮೆಚ್ಚುತ್ತಾರೋ, ದೇವತೆಗಳು ಮೆಚ್ಚಿದ್ದರಿಂದ ಅದು ಒಳ್ಳೆಯದೋ? ಮೊದಲನೆಯದಾದರೆ ಒಳಿತಿಗೆ ದೇವರ ಮೆಚ್ಚುಗೆಯಾಚೆ ಬೇರೆ ಕಾರಣವಿದೆ, ಅದನ್ನು ನಾವೂ ಹುಡುಕಬಹುದು. ಎರಡನೆಯದಾದರೆ ನಾಳೆ ಅಪ್ಪಣೆ ಬದಲಾದರೆ ಕ್ರೌರ್ಯವೂ ಒಳಿತಾಗಬೇಕಾಗುತ್ತದೆ. ಎರಡು ಸಾವಿರದ ನಾನೂರು ವರ್ಷಗಳಿಂದ ಈ ಪ್ರಶ್ನೆಯನ್ನು ಸುತ್ತಿ ದಾಟಲು ದಾರಿ ಹುಡುಕಿದವರಿದ್ದಾರೆ. ನೇರವಾಗಿ ದಾಟಿದವರನ್ನು ನಾನು ಕಂಡಿಲ್ಲ.

ಎಷ್ಟು ಪ್ರಶ್ನಿಸಬೇಕು ಎಂಬುದಕ್ಕೆ ಗಣಿತಜ್ಞ ವಿಲಿಯಂ ಕ್ಲಿಫರ್ಡ್ 1877ರಲ್ಲಿ ಹೇಳಿದ ಹಡಗಿನ ಕಥೆ ಇಂದಿಗೂ ಒಳ್ಳೆಯ ಮಾಪಕ. ಹಡಗಿನ ಒಡೆಯನಿಗೆ ತನ್ನ ಹಳೆಯ ಹಡಗಿನ ಮೇಲೆ ಅನುಮಾನವಿದೆ. ರಿಪೇರಿಗೆ ದುಡ್ಡು ಬೇಕು. ಎಷ್ಟೋ ಬಿರುಗಾಳಿ ದಾಟಿದೆ, ದೇವರು ಇಷ್ಟು ಜನರನ್ನು ಕೈಬಿಡುತ್ತಾನೆಯೇ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತ ಕೊನೆಗೆ ನಿಜವಾಗಿಯೂ ನಂಬುತ್ತಾನೆ. ಹಡಗು ನಡುಗಡಲಿನಲ್ಲಿ ಮುಳುಗುತ್ತದೆ, ಅವನು ವಿಮೆಯ ಹಣ ಪಡೆಯುತ್ತಾನೆ. ಅವನ ನಂಬಿಕೆ ಪ್ರಾಮಾಣಿಕವಾಗಿತ್ತು. ಆದರೆ ಹಾಗೆ ನಂಬುವ ಹಕ್ಕು ಅವನಿಗಿರಲಿಲ್ಲ ಎನ್ನುತ್ತಾರೆ ಕ್ಲಿಫರ್ಡ್. ಇಲ್ಲಿಂದ ಅವರು, ಸಾಲದ ಸಾಕ್ಷಿಯ ಮೇಲೆ ಏನನ್ನೇ ಆಗಲಿ ಯಾರೇ ಆಗಲಿ ನಂಬುವುದು ಯಾವಾಗಲೂ ತಪ್ಪು ಎಂಬಲ್ಲಿಗೆ ಹೋದರು. 1896ರಲ್ಲಿ ಅಮೆರಿಕದ ತತ್ವಜ್ಞಾನಿ ವಿಲಿಯಂ ಜೇಮ್ಸ್ ಅದನ್ನು ಅಲ್ಲಗಳೆದರು: ಕೆಲವು ಆಯ್ಕೆಗಳಲ್ಲಿ ಸಾಕ್ಷಿ ಬರಲಿ ಎಂದು ಕಾಯುವುದೇ ಒಂದು ತೀರ್ಮಾನವಾಗಿಬಿಡುತ್ತದೆ. ಗೆಳೆತನಕ್ಕೆ ಕೈಚಾಚುವವನು ಪುರಾವೆಗೆ ಕಾದು ಕೂತರೆ ಗೆಳೆತನ ಹುಟ್ಟುವುದೇ ಇಲ್ಲ.

ಇಬ್ಬರ ಜಗಳದಲ್ಲಿ ನನಗೆ ಕಾಣುವುದು ಹಡಗಿನಲ್ಲಿ ಯಾರು ಕೂತಿದ್ದರು ಎಂಬುದು. ಜೇಮ್ಸ್ ಹೇಳುವ ಮನುಷ್ಯ ತನ್ನ ಬದುಕನ್ನು ಪಣಕ್ಕಿಟ್ಟವನು. ಕ್ಲಿಫರ್ಡ್ ಹೇಳುವವನು ಬೇರೆಯವರದನ್ನು. ದುಃಖದಲ್ಲಿರುವ ಒಬ್ಬಾಕೆ ಸತ್ತ ಮಗ ಎಲ್ಲೋ ಇದ್ದಾನೆಂದು ನಂಬಿದರೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಹೋಗಿ ಆಕೆಯ ಎದುರು ಹ್ಯೂಮ್‌ನ ತಕ್ಕಡಿ ಬಿಚ್ಚುವುದು ವೈಚಾರಿಕತೆಯಲ್ಲ, ಒರಟುತನ. ಅದೇ ಪ್ರಾರ್ಥನೆ ಸಾಕು, ಔಷಧ ಬೇಡ ಎಂದು ತಂದೆಯೊಬ್ಬ ಜ್ವರದ ಮಗುವನ್ನು ಮನೆಯಲ್ಲಿಟ್ಟರೆ, ನಂಬಿಕೆ ಅವನದು, ಜ್ವರ ಮಗುವಿನದು. ಅಲ್ಲಿ ಕೇಳಬೇಕು, ಆಗಲೇ ಕೇಳಬೇಕು, ನೋವಾದರೂ ಕೇಳಬೇಕು. ಒಬ್ಬರನ್ನು ಒಳಗೆ ಬಿಡದ, ಮುಟ್ಟದ, ಓದಿಸದ ಕಟ್ಟಳೆಗಳ ವಿಷಯದಲ್ಲೂ ಇದೇ ಮಾತು. ಇವು ಪ್ರಶ್ನಾತೀತ ಎಂದು ಹೇಳುವವರು ಸಾಮಾನ್ಯವಾಗಿ ಬಾಗಿಲಿನ ಒಳಗಡೆ ನಿಂತಿರುತ್ತಾರೆ ಎಂಬುದನ್ನು ಗಮನಿಸಿದ್ದೇನೆ.

ಮೂರನೆಯ ದಿನ ಬೆಳಿಗ್ಗೆ ದೊಡ್ಡಪ್ಪ ಗುಂಪಿನಲ್ಲಿ ಉತ್ತರ ಬರೆದಿದ್ದರು. ಅವರು ಟೈಪ್ ಮಾಡುವುದು ಒಂದು ಬೆರಳಿನಲ್ಲಿ, ಎಷ್ಟು ಹೊತ್ತು ಹಿಡಿಯಿತೋ. "ಇಲ್ಲ ಮರಿ, ಬಿಡಲ್ಲ. ನಮ್ಮಪ್ಪ ಮಾಡ್ತಿದ್ರು. ಆ ದಿನ ಹೊಟ್ಟೆ ಹಸಿದಾಗ ಅವರು ಪಕ್ಕದಲ್ಲಿ ಕೂತ ಹಾಗಿರುತ್ತೆ."

ಸ್ವಲ್ಪ ಹೊತ್ತಿಗೆ ಹಳೆಯ ಮೆಸೇಜಿನ ಜಾಗದಲ್ಲಿ ಅದನ್ನು ಅಳಿಸಲಾಗಿದೆ ಎಂಬ ಸಾಲು ಕಂಡಿತು. ಹುಡುಗಿ ಕೆಳಗೆ ಬರೆದಳು: "ತಾತ, ಮುಂದಿನ ಸಲ ನಾನೂ ನಿಮ್ಮ ಜೊತೆ ಮಾಡಲಾ? ಸಾಯಂಕಾಲದವರೆಗೆ ಮಾತ್ರ."